ಬ್ಲಾಗಿನ ಡೊಮೇನ್ ಬದಲಿಸಬೇಕೆ? ತೀರ್ಮಾನಕ್ಕೆ ಮೊದಲು ಹಾಕಬೇಕಾದ ಲೆಕ್ಕ

ಬ್ಲಾಗಿನ ಹೆಸರು ಹಳತಾಯಿತು ಅನ್ನಿಸಿದ ಕೂಡಲೇ ಎಲ್ಲರೂ ಕೈಹಾಕುವುದು ಹೊಸ ಹೆಸರಿನ ಹುಡುಕಾಟಕ್ಕೆ. ಆದರೆ ಡೊಮೇನ್, ಅಂದರೆ ತಾಣದ ವಿಳಾಸದ ಹೆಸರು, ಬದಲಿಸಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ಹೊಸ ಹೆಸರಿನ ಪಾತ್ರ ಚಿಕ್ಕದು. ಮುಖ್ಯ ಪ್ರಶ್ನೆಗಳೆಲ್ಲ ಹಳೆಯ ಹೆಸರಿನ ಸುತ್ತ ಇವೆ. ಇಷ್ಟು ವರ್ಷಗಳಲ್ಲಿ ಅದನ್ನು ಯಾರ್ಯಾರು ಎಲ್ಲೆಲ್ಲಿ ಬರೆದಿಟ್ಟುಕೊಂಡಿದ್ದಾರೆ? ಅವುಗಳಲ್ಲಿ ಎಷ್ಟನ್ನು ನೀವು ತಿದ್ದಬಲ್ಲಿರಿ? ತಿದ್ದಲು ಆಗದವುಗಳನ್ನು ಎಷ್ಟು ವರ್ಷ ಹೊತ್ತು ಸಾಗಬಲ್ಲಿರಿ?

ಮನೆ ಬದಲಿಸಿದವರು ಹಳೆಯ ಮನೆಗೆ ಬಾಡಿಗೆ ಕಟ್ಟುವುದಿಲ್ಲ. ಡೊಮೇನ್ ಬದಲಿಸಿದವರು ಕಟ್ಟುತ್ತಲೇ ಇರಬೇಕು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಿಕೊಡುವ ವ್ಯವಸ್ಥೆ (ರೀಡೈರೆಕ್ಟ್) ನಿಂತ ದಿನ, ಅದಕ್ಕೆ ಅಂಟಿಕೊಂಡಿದ್ದ ಕೊಂಡಿಗಳೆಲ್ಲ ಸತ್ತುಹೋಗುತ್ತವೆ. ಇನ್ನು ಮುಂದೆ ಎರಡು ಡೊಮೇನ್‌ಗಳನ್ನು ಸಾಕುತ್ತೇನೆ ಎಂದು ಒಪ್ಪಿಕೊಂಡ ಮೇಲಷ್ಟೇ ಬದಲಾವಣೆಯ ಮಾತು.

## ಹಂತ 1: ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಒಂದೇ ವಾಕ್ಯದಲ್ಲಿ ಬರೆಯಲು ಬಾರದ ಕಾರಣ ಸಾಮಾನ್ಯವಾಗಿ ಬೇಸರವಾಗಿರುತ್ತದೆ. ಬೇಸರಕ್ಕೆ ಹೊಸ ವಿನ್ಯಾಸ ಸಾಕು.

ಗಟ್ಟಿ ಕಾರಣಗಳು ಕೆಲವೇ. ಮೊದಲನೆಯದು ಕಾನೂನಿನದು: ನಿಮ್ಮ ಡೊಮೇನ್ ಬೇರೆಯವರ ಟ್ರೇಡ್‌ಮಾರ್ಕ್‌ಗೆ ತಾಗುತ್ತಿದೆ. ಡಾಟ್ ಕಾಂನಂಥ ಡೊಮೇನ್‌ಗಳ ಇಂಥ ವಿವಾದಗಳಿಗೆ, ಡೊಮೇನ್ ಹೆಸರುಗಳ ಜಾಗತಿಕ ಉಸ್ತುವಾರಿ ಸಂಸ್ಥೆಯಾದ ಐಕ್ಯಾನ್ 1999ರಲ್ಲಿ ಒಪ್ಪಿದ ಏಕರೂಪ ವಿವಾದ ಪರಿಹಾರ ನೀತಿ ಅನ್ವಯಿಸುತ್ತದೆ. ಅದರಡಿ ದೂರುದಾರರು ಮೂರು ಅಂಶಗಳನ್ನೂ ತೋರಿಸಬೇಕು. ಹೆಸರು ಅವರ ಮಾರ್ಕಿನಂತೆಯೇ ಇದೆ ಅಥವಾ ಗೊಂದಲ ಹುಟ್ಟಿಸುವಷ್ಟು ಹೋಲುತ್ತದೆ. ಆ ಹೆಸರಿನ ಮೇಲೆ ನಿಮಗೆ ನ್ಯಾಯಯುತ ಹಕ್ಕಿಲ್ಲ. ನೀವು ದುರುದ್ದೇಶದಿಂದ ನೋಂದಾಯಿಸಿ ಬಳಸಿದ್ದೀರಿ. ಸೋತರೆ ಡೊಮೇನ್ ರದ್ದಾಗುತ್ತದೆ ಅಥವಾ ಅವರ ಕೈಸೇರುತ್ತದೆ, ಆಮೇಲೆ ರೀಡೈರೆಕ್ಟ್ ಮಾಡುವ ದಾರಿಯೇ ಇರುವುದಿಲ್ಲ. ಆದ್ದರಿಂದ ನೋಟಿಸ್ ಬಂದಾಗ ವಕೀಲರನ್ನು ಕಾಣಿ. ರಾಜಿಯಾಗುವುದಾದರೆ ಒಂದು ವರ್ಷ ರೀಡೈರೆಕ್ಟ್ ನಡೆಸಲು ಬಿಡಬೇಕೆಂಬ ಷರತ್ತನ್ನು ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಎರಡನೆಯದು ಬಾಲದ ತೊಂದರೆ, ಅಂದರೆ ಡಾಟ್ ನಂತರದ ಭಾಗದ್ದು. ಎರಡಕ್ಷರದ ದೇಶ ಸಂಕೇತಗಳು ಆಯಾ ದೇಶದ ನಿಯಮಕ್ಕೆ ಕಟ್ಟುಬಿದ್ದಿರುತ್ತವೆ. ಬ್ರೆಕ್ಸಿಟ್ ಬಳಿಕ ಅರ್ಹತೆ ಕಳೆದುಕೊಂಡ ಬ್ರಿಟನ್ನಿನ ನೋಂದಣಿದಾರರ ಡಾಟ್ ಇಯು ಹೆಸರುಗಳನ್ನು 2021ರ ಜನವರಿಯಲ್ಲಿ ಅಮಾನತು ಮಾಡಲಾಯಿತು. ಯುಗೊಸ್ಲಾವಿಯದ ಡಾಟ್ ವೈಯು 2010ರಲ್ಲಿ ಪೂರ್ತಿ ಮುಚ್ಚಿತು. ಪುಕ್ಕಟೆ ಹಂಚಿಕೆಯಾಗುತ್ತಿದ್ದ ಡಾಟ್ ಜಿಎ ಹೆಸರುಗಳನ್ನು 2023ರಲ್ಲಿ ಗಬಾನ್ ತನ್ನ ವಶಕ್ಕೆ ತೆಗೆದುಕೊಂಡಾಗ ಲಕ್ಷಾಂತರ ಹೆಸರುಗಳು ಅಳಿಸಿಹೋದವು. ನಿಮ್ಮದು ಪುಕ್ಕಟೆ ಡೊಮೇನ್ ಆಗಿದ್ದರೆ, ಅಥವಾ ನಿಮಗೆ ಯಾವ ನಂಟೂ ಇಲ್ಲದ ದೇಶದ ಸಂಕೇತವಾಗಿದ್ದರೆ, ರೀಡೈರೆಕ್ಟ್ ಮಾಡುವ ಶಕ್ತಿ ಕೈಯಲ್ಲಿರುವಾಗಲೇ ಹೊರಡುವುದು ಜಾಣತನ.

ಮೂರನೆಯದು ವಿಷಯ ಹೆಸರನ್ನು ಮೀರಿ ಬೆಳೆದಿರುವುದು. ಒಂದೇ ಕ್ಯಾಮೆರಾ ಮಾದರಿಯ ಹೆಸರಿಟ್ಟುಕೊಂಡ ಬ್ಲಾಗು ಈಗ ಛಾಯಾಗ್ರಹಣವನ್ನೆಲ್ಲ ಬರೆಯುತ್ತಿದ್ದರೆ ಹೊಸ ಓದುಗ ಹೆಸರು ನೋಡಿಯೇ ದಾಟಿಹೋಗುತ್ತಾನೆ. ನಾಲ್ಕನೆಯದು ಹೇಳಿದರೆ ಬರೆಯಲು ಬಾರದ ಹೆಸರು. ಓದುಗರ ಮೇಲ್‌ಗಳಲ್ಲಿ, ಹುಡುಕಾಟದ ಪದಗಳಲ್ಲಿ ನಿಮ್ಮ ಹೆಸರು ಬೇರೆ ಬೇರೆ ಕಾಗುಣಿತದಲ್ಲಿ ಕಾಣಿಸುತ್ತಿದೆಯೇ ನೋಡಿ. ಹಾಗಿದ್ದರೆ ಅದು ಊಹೆಯಲ್ಲ, ಪುರಾವೆ.

ಇನ್ನು ನಿಲ್ಲದ ಕಾರಣಗಳು. ಹೆಸರಿನಲ್ಲಿ ಹುಡುಕಾಟದ ಪದ ತುರುಕಿದರೆ ಮೇಲೇರುತ್ತೇವೆ ಎಂಬುದು ಹಳೆಯ ನಂಬಿಕೆ. ಗುಣಮಟ್ಟವಿಲ್ಲದೆ ಬರೀ ಹೆಸರಿನ ಬಲದಿಂದ ಮೇಲೆ ಬರುತ್ತಿದ್ದ ತಾಣಗಳನ್ನು ಕೆಳಗಿಳಿಸಲು ಗೂಗಲ್ 2012ರ ಸೆಪ್ಟೆಂಬರ್‌ನಲ್ಲಿಯೇ ತನ್ನ ಕ್ರಮಾಂಕನ ಬದಲಿಸಿತು. ಡಾಟ್ ಕಾಂಗೆ ಹೋದರೆ ಹುಡುಕಾಟದಲ್ಲಿ ಅನುಕೂಲ ಎಂಬುದೂ ನಿಜವಲ್ಲ. ಡಾಟ್ ಕಾಂ, ಡಾಟ್ ಆರ್ಗ್, ಡಾಟ್ ಬ್ಲಾಗ್ ಎಲ್ಲವನ್ನೂ ಗೂಗಲ್ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ದೇಶ ಸಂಕೇತಗಳನ್ನು ಮಾತ್ರ ಸಾಮಾನ್ಯವಾಗಿ ಆ ದೇಶದ ಓದುಗರಿಗಾಗಿ ಎಂಬ ಸುಳಿವಾಗಿ ನೋಡುತ್ತದೆ. ಓದುಗರು ಕುಸಿದಿದ್ದಾರೆ, ಹೊಸ ಡೊಮೇನಿನಲ್ಲಿ ಹೊಸದಾಗಿ ಶುರುಮಾಡೋಣ ಎಂಬುದು ಎಲ್ಲಕ್ಕಿಂತ ಕೆಟ್ಟ ಕಾರಣ. ಬರಹ ಅದೇ, ತಾಣ ಅದೇ. ರೀಡೈರೆಕ್ಟ್ ಕೊಟ್ಟರೆ ಒಳ್ಳೆಯ ಅಂಕಗಳ ಜೊತೆ ಕೆಟ್ಟವೂ ಹಿಂದೆ ಬರುತ್ತವೆ. ಕುಸಿತದ ಮೂಲ ಹುಡುಕುವ ಮೊದಲು ಸ್ಥಳಾಂತರಿಸಿದರೆ, ಆಮೇಲಿನ ಏರಿಳಿತ ಯಾವುದರಿಂದ ಎಂದು ಹೇಳಲಾರದಷ್ಟು ಗೋಜಲಾಗುತ್ತದೆ.

## ಹಂತ 2: ಹಳೆಯ ಹೆಸರಿಗೆ ಏನೇನು ತೂಗಿಬಿದ್ದಿದೆ ಎಂದು ಎಣಿಸಿ

ಇದು ಈ ಕೆಲಸದ ಹೃದಯ. ಒಂದು ಸ್ಪ್ರೆಡ್‌ಶೀಟ್ ತೆರೆದು ಒಂದು ಇಡೀ ದಿನ ಇದಕ್ಕೇ ಕೊಡಿ.

ಹುಡುಕಾಟದಿಂದ ಶುರುಮಾಡಿ. ನಿಮ್ಮ ತಾಣ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಹಿಂದಿನ 16 ತಿಂಗಳ ಅಂಕಿಅಂಶವನ್ನಷ್ಟೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಪೂರ್ತಿ ಅವಧಿಯನ್ನು ಈಗಲೇ ಇಳಿಸಿಕೊಳ್ಳಿ. ಪುಟಗಳ ಪಟ್ಟಿಯನ್ನು ಕ್ಲಿಕ್‌ಗಳ ಪ್ರಕಾರ ಜೋಡಿಸಿದರೆ, ನೂರಾರು ಬರಹಗಳಿರುವ ಬ್ಲಾಗಿನಲ್ಲೂ ಹೆಚ್ಚಿನ ಓದುಗರನ್ನು ತರುವವು ಹತ್ತಿಪ್ಪತ್ತು ಮಾತ್ರ ಎಂಬುದು ಕಾಣುತ್ತದೆ. ಸ್ಥಳಾಂತರದ ದಿನ ಮೊದಲು ಪರೀಕ್ಷಿಸಬೇಕಾದವು ಅವೇ. ಅಲ್ಲಿಯೇ ಕೊಂಡಿಗಳ ವರದಿಯೂ ಇದೆ. ನಿಮಗೆ ಕೊಂಡಿ ಕೊಟ್ಟಿರುವ ತಾಣಗಳ ಪಟ್ಟಿಯನ್ನು ಇಳಿಸಿಕೊಂಡು, ಯಾವುದರ ಮಾಲೀಕರಿಗೆ ಪತ್ರ ಬರೆದು ತಿದ್ದಿಸಬಹುದು ಎಂದು ಗುರುತು ಹಾಕಿ. ಅಂಥವು ಬೆರಳೆಣಿಕೆಯಷ್ಟೇ ಇರುತ್ತವೆ. ಉಳಿದವಕ್ಕೆಲ್ಲ ರೀಡೈರೆಕ್ಟ್ ಒಂದೇ ಆಸರೆ.

ನಂತರ ರೀಡೈರೆಕ್ಟ್ ಒಂದರಿಂದಲೇ ತೀರದ ಸಂಗತಿಗಳನ್ನು ಬರೆಯಿರಿ. ಮುದ್ರಿತ ಪುಸ್ತಕದ ಅಡಿಟಿಪ್ಪಣಿ, ಕರಪತ್ರ, ಕ್ಯೂಆರ್ ಸಂಕೇತ ಇವು ಹಳೆಯ ಡೊಮೇನ್ ಬದುಕಿರುವವರೆಗೆ ಕೆಲಸ ಮಾಡುತ್ತವೆ, ಆಮೇಲೆ ಇಲ್ಲ. ಸಾಮಾಜಿಕ ಜಾಲತಾಣಗಳ ಹಂಚಿಕೆ ಎಣಿಕೆ ವಿಳಾಸಕ್ಕೆ ಅಂಟಿರುವುದರಿಂದ ಸಾಮಾನ್ಯವಾಗಿ ಸೊನ್ನೆಯಿಂದ ಶುರುವಾಗುತ್ತದೆ. ಬ್ಲಾಗನ್ನು ಮಾಸ್ಟೊಡಾನ್‌ನಂಥ ಫೆಡಿವರ್ಸ್ (ಬೇರೆ ಬೇರೆ ಸರ್ವರ್‌ಗಳು ಕೂಡಿ ನಡೆಸುವ ಸಾಮಾಜಿಕ) ಜಾಲಕ್ಕೆ ಜೋಡಿಸಿದ್ದರೆ ಎಚ್ಚರ: ಅಲ್ಲಿ ಖಾತೆಯ ಗುರುತೇ ಡೊಮೇನ್.

ಹೆಚ್ಚಿನವರು ಮರೆಯುವುದು ಮೇಲ್. ಹಳೆಯ ಡೊಮೇನಿನ ಮೇಲ್ ವಿಳಾಸ ಕೊಟ್ಟು ತೆರೆದ ಎಲ್ಲ ಖಾತೆಗಳ ಪಟ್ಟಿ ಮಾಡಿ: ಬ್ಯಾಂಕು, ಹೋಸ್ಟಿಂಗ್, ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಸಂಸ್ಥೆ), ಜಾಹೀರಾತು ಜಾಲ, ಸುದ್ದಿಪತ್ರ ಸೇವೆ, ಸಾಮಾಜಿಕ ಖಾತೆ. ಮುಂದೊಂದು ದಿನ ಆ ಡೊಮೇನ್ ಕೈತಪ್ಪಿದರೆ ಅದನ್ನು ಕೊಂಡ ಅಪರಿಚಿತರು ಅದೇ ಮೇಲ್ ವಿಳಾಸವನ್ನು ಮತ್ತೆ ಸೃಷ್ಟಿಸಿ, ಪಾಸ್‌ವರ್ಡ್ ಮರೆತಿದ್ದೇನೆ ಎಂಬ ಗುಂಡಿ ಒತ್ತಿ, ಒಂದೊಂದೇ ಖಾತೆಯ ಬಾಗಿಲು ತೆರೆಯಬಹುದು. ಪಾಸ್‌ವರ್ಡ್ ಮ್ಯಾನೇಜರ್ ಬಳಸುತ್ತಿದ್ದರೆ ಅದರಲ್ಲಿ ಡೊಮೇನ್ ಹೆಸರು ಹುಡುಕಿ. ಪಟ್ಟಿ ಎರಡೇ ನಿಮಿಷದಲ್ಲಿ ಸಿಗುತ್ತದೆ.

ಕೊನೆಗೆ ಹಣ. ಗೂಗಲ್‌ನ ಜಾಹೀರಾತು ಸೇವೆಯಾದ ಆಡ್‌ಸೆನ್ಸ್‌ನಲ್ಲಿ ಹೊಸ ಡೊಮೇನನ್ನು ಹೊಸ ತಾಣವಾಗಿ ಸೇರಿಸಿ ಪರಿಶೀಲನೆಗೆ ಕಾಯಬೇಕು. ಅಫಿಲಿಯೇಟ್ (ನಿಮ್ಮ ಕೊಂಡಿಯಿಂದಾದ ಮಾರಾಟಕ್ಕೆ ಪಾಲು ಕೊಡುವ) ಕಾರ್ಯಕ್ರಮಗಳಲ್ಲಿ ಹೊಸ ವಿಳಾಸ ನೋಂದಾಯಿಸದಿದ್ದರೆ ಬರಬೇಕಾದ ಪಾಲು ತಡೆಹಿಡಿಯಲ್ಪಡಬಹುದು. ಬ್ಲಾಗಿನ ಆದಾಯದಿಂದಲೇ ಮನೆ ನಡೆಯುತ್ತಿದ್ದರೆ, ಕೆಲವು ವಾರ ಆದಾಯವಿಲ್ಲದೆ ನಡೆಸುವ ತಯಾರಿ ಇದೆಯೇ ಎಂದು ಈಗಲೇ ಕೇಳಿಕೊಳ್ಳಿ.

## ಹಂತ 3: ರೀಡೈರೆಕ್ಟ್ ಮಾಡುವ ಅಧಿಕಾರ ನಿಮ್ಮ ಕೈಯಲ್ಲಿದೆಯೇ?

ನಿಮಗೆ ಬೇಕಿರುವುದು 301 ರೀಡೈರೆಕ್ಟ್. ಈ ವಿಳಾಸ ಶಾಶ್ವತವಾಗಿ ಅಲ್ಲಿಗೆ ಹೋಗಿದೆ ಎಂದು ಬ್ರೌಸರಿಗೂ ಹುಡುಕಾಟ ಯಂತ್ರಕ್ಕೂ ಹೇಳುವ ಸಂಕೇತ ಅದು. 302 ಎಂದರೆ ತಾತ್ಕಾಲಿಕ. ರೀಡೈರೆಕ್ಟ್‌ನಿಂದ ಕೊಂಡಿಯ ತೂಕ ಸೋರಿಹೋಗುತ್ತದೆ ಎಂಬ ಭಯ ಹಿಂದೆ ಇತ್ತು. ಈಗ ಹಾಗೆ ಕಳೆಯುವುದಿಲ್ಲ ಎಂದು 2016ರಲ್ಲಿ ಗೂಗಲ್ ಕಡೆಯವರೇ ಹೇಳಿದರು.

ಸ್ವಂತ ಡೊಮೇನ್ ಮತ್ತು ಸ್ವಂತ ಹೋಸ್ಟಿಂಗ್ ಇದ್ದರೆ ತೊಂದರೆಯಿಲ್ಲ. ನಿಮ್ಮ ಸರ್ವರ್ ತಂತ್ರಾಂಶ ಅಪಾಚೆಯಾದರೆ ಎಚ್‌ಟಿಆಕ್ಸೆಸ್ ಕಡತದಲ್ಲಿ, ಎಂಜಿನ್‌ಎಕ್ಸ್ ಆದರೆ ಸರ್ವರ್ ವಿಭಾಗದಲ್ಲಿ ಒಂದೆರಡು ಸಾಲು ಬರೆದರೆ ಮುಗಿಯಿತು. ರಿಜಿಸ್ಟ್ರಾರ್ ಪುಕ್ಕಟೆ ಕೊಡುವ ಡೊಮೇನ್ ಫಾರ್ವರ್ಡಿಂಗ್ ಮೇಲೆ ಮಾತ್ರ ಕಣ್ಣುಮುಚ್ಚಿ ಭರವಸೆ ಇಡಬೇಡಿ. ಕೆಲವು ಎಲ್ಲ ಪುಟಗಳನ್ನೂ ಮುಖಪುಟಕ್ಕೆ ಎಸೆಯುತ್ತವೆ, ಕೆಲವು ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕದ) ವಿಳಾಸಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ಇವತ್ತು ಬಹುಪಾಲು ಕೊಂಡಿಗಳು ಎಚ್‌ಟಿಟಿಪಿಎಸ್ ಆಗಿರುವಾಗ ಆ ಸೇವೆ ಇದ್ದೂ ಇಲ್ಲದಂತೆ.

ಬೇರೆಯವರ ವೇದಿಕೆಯ ಉಪಡೊಮೇನಿನಲ್ಲಿದ್ದರೆ, ಅಂದರೆ ನಿಮ್ಮ ಹೆಸರು ಅವರ ಡೊಮೇನಿಗೆ ಅಂಟಿಕೊಂಡ ವಿಳಾಸವಾಗಿದ್ದರೆ, ಲೆಕ್ಕ ಬೇರೆ. ಬ್ಲಾಗರ್‌ನಲ್ಲಿಯೇ ಉಳಿದು ಕಸ್ಟಮ್ ಡೊಮೇನ್ ಸೇರಿಸಿದರೆ ಬ್ಲಾಗ್‌ಸ್ಪಾಟ್ ವಿಳಾಸ ಪುಟಕ್ಕೆ ಪುಟ ತಾನಾಗಿ ಹೊಸದಕ್ಕೆ ಹೋಗುತ್ತದೆ. ವರ್ಡ್‌ಪ್ರೆಸ್ ಡಾಟ್ ಕಾಂನಿಂದ ಹೊರಬರುವವರಿಗೆ ಸೈಟ್ ರೀಡೈರೆಕ್ಟ್ ಎಂಬ ವಾರ್ಷಿಕ ಶುಲ್ಕದ ಸೇವೆಯಿದೆ. ಯಾವ ದಾರಿಯನ್ನೂ ಕೊಡದ ವೇದಿಕೆಯಿಂದ ಹೊರಟರೆ ಹಳೆಯ ಪುಟಗಳಲ್ಲಿ ಹೊಸ ವಿಳಾಸ ಬರೆದಿಡುವುದಷ್ಟೇ ಸಾಧ್ಯ. ಹುಡುಕಾಟದ ಸ್ಥಾನ ಬಹುಪಾಲು ಮೊದಲಿನಿಂದ ಗಳಿಸಬೇಕು. ಆದರೂ ಉಪಡೊಮೇನಿನಿಂದ ಸ್ವಂತ ಡೊಮೇನಿಗೆ ಹೋಗುವ ವಿಚಾರದಲ್ಲಿ ನಮ್ಮ ಸಲಹೆ ಸ್ಪಷ್ಟ: ಹೋಗಿ, ಬೇಗ ಹೋಗಿ. ಪ್ರತಿ ಹೊಸ ಬರಹವೂ ನಿಮ್ಮದಲ್ಲದ ವಿಳಾಸಕ್ಕೆ ಇನ್ನೊಂದು ಗಂಟು ಹಾಕುತ್ತಿರುತ್ತದೆ.

## ಹಂತ 4: ಡೊಮೇನ್ ಮುಟ್ಟದೆ ಕೆಲಸ ಆಗುತ್ತದೆಯೇ ನೋಡಿ

ಬ್ಲಾಗಿನ ಹೆಸರೂ ಡೊಮೇನೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಶೀರ್ಷಿಕೆ, ಲೋಗೊ, ಅಡಿಬರಹ ಬದಲಿಸಿ ಡೊಮೇನನ್ನು ಹಾಗೆಯೇ ಬಿಟ್ಟರೆ ಅರ್ಧದಷ್ಟು ಬೇಸರಗಳು ಅಲ್ಲಿಗೇ ತೀರುತ್ತವೆ. ಹೆಚ್ಚಿನ ಓದುಗರು ಕೊಂಡಿ ಒತ್ತಿ ಬರುವವರು, ವಿಳಾಸಪಟ್ಟಿಯನ್ನು ಓದುವುದಿಲ್ಲ.

ಇನ್ನೊಂದು ದಾರಿ ತಿರುಗುಮುರುಗಾದದ್ದು, ಬಹಳ ಉಪಯುಕ್ತವಾದದ್ದು. ಹೊಸ ಡೊಮೇನ್ ಕೊಂಡು ಅದನ್ನು ಹಳೆಯದಕ್ಕೆ ರೀಡೈರೆಕ್ಟ್ ಮಾಡಿ. ಮೂರು ತಿಂಗಳು ಮಾತಿನಲ್ಲಿ, ಮೇಲ್ ಸಹಿಯಲ್ಲಿ, ಪ್ರೊಫೈಲ್‌ಗಳಲ್ಲಿ ಹೊಸ ಹೆಸರನ್ನೇ ಕೊಡಿ. ಜನ ಸರಿಯಾಗಿ ಬರೆದುಕೊಳ್ಳುತ್ತಾರೆಯೇ, ನಿಮಗೇ ಅದು ಹಳಸುತ್ತದೆಯೇ ಎಂಬುದು ಏನನ್ನೂ ಕಳೆದುಕೊಳ್ಳದೆ ತಿಳಿಯುತ್ತದೆ. ಈ ಪ್ರಯೋಗಕ್ಕೆ 302 ಅನ್ನೇ ಬಳಸಿ. 301 ಅನ್ನು ಬ್ರೌಸರ್‌ಗಳು ನೆನಪಿಟ್ಟುಕೊಳ್ಳುತ್ತವೆ. ಮುಂದೆ ನೀವು ದಿಕ್ಕು ತಿರುಗಿಸಿದಾಗ ಹಳೆಯದು ಹೊಸದಕ್ಕೆ, ಹೊಸದು ಹಳೆಯದಕ್ಕೆ ಎಂದು ಆ ಓದುಗರ ಬ್ರೌಸರ್ ಸುತ್ತುತ್ತಲೇ ಇರುತ್ತದೆ. ಅವರ ಯಂತ್ರದಲ್ಲಿ ಕುಳಿತಿರುವ ಆ ನೆನಪನ್ನು ನೀವು ಅಳಿಸಲಾರಿರಿ.

## ಹಂತ 5: ಹೊಸ ಹೆಸರನ್ನು ಸೋಸಿ

ಡೊಮೇನಿನ ಒಂದು ಭಾಗದಲ್ಲಿ 63 ಅಕ್ಷರಗಳವರೆಗೆ ಅವಕಾಶವಿದೆ, ಆದರೆ ಹದಿನೈದು ದಾಟಿದರೆ ಫೋನಿನಲ್ಲಿ ಹೇಳುವುದು ಕಷ್ಟ. ಅಡ್ಡಗೆರೆ ಮತ್ತು ಅಂಕಿ ಬೇಡ; ಕೇಳಿಸಿಕೊಂಡವರು ಅಂಕಿಯೋ ಅಕ್ಷರವೋ ಎಂದು ಕೇಳಲೇಬೇಕಾಗುತ್ತದೆ. ಐವರಿಗೆ ಫೋನಿನಲ್ಲಿ ಒಂದೇ ಸಲ ಹೇಳಿ ಬರೆಯಲು ಬಿಡಿ. ಅವರಲ್ಲಿ ಇಬ್ಬರು ತಪ್ಪಿದರೆ ಆ ಹೆಸರನ್ನು ಕೈಬಿಡಿ. ರೋಮನ್ ಅಲ್ಲದ ಲಿಪಿಯ ಡೊಮೇನ್ ನೋಡಲು ಚಂದ, ಆದರೆ ಒಳಗೆ ಅದು ಪ್ಯೂನಿಕೋಡ್ ಎಂಬ ಅಕ್ಷರಮಾಲೆಯಾಗಿ ಬದಲಾಗುತ್ತದೆ. ಕೆಲವು ಕಡೆ ಅಂಟಿಸಿದಾಗ ಆ ಅರ್ಥವಾಗದ ರೂಪವೇ ಕಾಣಿಸುತ್ತದೆ, ಮೇಲ್ ವಿಳಾಸವಾಗಿ ಎಲ್ಲ ಸೇವೆಗಳೂ ಅದನ್ನು ಒಪ್ಪುವುದಿಲ್ಲ. ಅದನ್ನು ಎರಡನೆಯ ಬಾಗಿಲಾಗಿ ಇಟ್ಟುಕೊಳ್ಳಿ.

ಹೆಸರಿನ ಪೂರ್ವಚರಿತ್ರೆಯನ್ನು ನೋಡದೆ ಹಣ ಕಟ್ಟಬೇಡಿ. ಖಾಲಿ ಇರುವ ಒಳ್ಳೆಯ ಹೆಸರು ಹಿಂದೆ ಯಾರದ್ದೋ ಆಗಿದ್ದಿರಬಹುದು. ತಾಣಗಳ ಹಳೆಯ ರೂಪಗಳನ್ನು ಕಾಪಿಟ್ಟಿರುವ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ವರ್ಷವಾರು ಚಿತ್ರಗಳನ್ನು ನೋಡಿ. ಜೂಜು, ನಕಲಿ ಔಷಧಿ, ಯಂತ್ರ ಬರೆದ ಕಸ ಕಂಡರೆ ಬಿಟ್ಟುಬಿಡಿ. ಸ್ಪ್ಯಾಮ್ ಕಳಿಸುವವರನ್ನು ಪಟ್ಟಿ ಮಾಡುವ ಸ್ಪ್ಯಾಮ್‌ಹೌಸ್‌ನ ಡೊಮೇನ್ ಪಟ್ಟಿಯಲ್ಲಿ, ಗೂಗಲ್ ಸೇಫ್ ಬ್ರೌಸಿಂಗ್ ಪುಟದಲ್ಲಿ ಪರೀಕ್ಷಿಸಿ. ಕೊಂಡ ದಿನವೇ ಸರ್ಚ್ ಕನ್ಸೋಲ್‌ಗೆ ಸೇರಿಸಿ ಮ್ಯಾನ್ಯುಯಲ್ ಆಕ್ಷನ್ಸ್ ಪುಟ ತೆರೆಯಿರಿ. ಹಿಂದಿನವರ ಮೇಲಿನ ಶಿಕ್ಷೆ ಉಳಿದಿದ್ದರೆ ಅಲ್ಲಿ ಕಾಣುತ್ತದೆ. ಟ್ರೇಡ್‌ಮಾರ್ಕ್‌ಗೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಜಾಗತಿಕ ಬ್ರ್ಯಾಂಡ್ ದತ್ತಾಂಶಕೋಶವನ್ನು ಪುಕ್ಕಟೆ ಹುಡುಕಬಹುದು.

ಶುಲ್ಕ ನೋಡುವಾಗ ಮೊದಲ ವರ್ಷದ ದರಕ್ಕಿಂತ ನವೀಕರಣದ ದರ ನೋಡಿ. ಹೊಸ ಬಾಲಗಳಲ್ಲಿ ಮೊದಲ ವರ್ಷ ಅಗ್ಗವಾಗಿದ್ದು ಎರಡನೆಯ ವರ್ಷ ಹಲವು ಪಟ್ಟು ಏರುವುದು ಸಾಮಾನ್ಯ. ಡಾಟ್ ಕಾಂನಂಥ ಡೊಮೇನನ್ನು ನೋಂದಾಯಿಸಿದ ಮೊದಲ 60 ದಿನ ಸಾಮಾನ್ಯವಾಗಿ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಆಗುವುದಿಲ್ಲವಾದ್ದರಿಂದ, ಮುಂದೆಯೂ ಉಳಿಯಬಹುದಾದ ಕಡೆಯೇ ಕೊಳ್ಳಿ.

## ಹಂತ 6: ತೀರ್ಮಾನ

ಮೂರು ಪ್ರಶ್ನೆ ಕೇಳಿಕೊಳ್ಳಿ. ಬರೆದಿಟ್ಟ ಕಾರಣ ಐದು ವರ್ಷದ ನಂತರವೂ ಕಾರಣವಾಗಿಯೇ ಇರುತ್ತದೆಯೇ? ಪುಟಕ್ಕೆ ಪುಟ 301 ಕೊಡುವ ಅಧಿಕಾರ ನಿಮ್ಮ ಕೈಯಲ್ಲಿದೆಯೇ? ಹಳೆಯ ಡೊಮೇನಿನ ಶುಲ್ಕವನ್ನೂ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನೂ ಕನಿಷ್ಠ ಐದು ವರ್ಷ ನೋಡಿಕೊಳ್ಳುತ್ತೀರಾ? ಒಂದಕ್ಕೆ ಇಲ್ಲ ಎಂದರೂ ಬೇಡ. ಕಾನೂನಿನ ಒತ್ತಡ ಅಥವಾ ಅಳಿಯುತ್ತಿರುವ ಡೊಮೇನ್ ಇದಕ್ಕೆ ಹೊರತು. ಅಲ್ಲಿ ಆಯ್ಕೆಯೇ ಇಲ್ಲ. ಬೇರೆಯವರ ಉಪಡೊಮೇನಿನಿಂದ ಸ್ವಂತ ಡೊಮೇನಿಗೆ ಹೋಗುವವರಿಗೂ ಇದು ಅನ್ವಯಿಸುವುದಿಲ್ಲ.

ಐವತ್ತಕ್ಕಿಂತ ಕಡಿಮೆ ಬರಹಗಳಿರುವ, ಹೊರಗಿನ ಕೊಂಡಿ ಹೆಚ್ಚಿಲ್ಲದ ಬ್ಲಾಗಾದರೆ ಇಷ್ಟು ತೂಗುವ ಅಗತ್ಯವಿಲ್ಲ. ಈ ವಾರವೇ ಬದಲಿಸಿ. ದೊಡ್ಡ ಬ್ಲಾಗಾದರೆ ವರ್ಷದಲ್ಲಿ ಓದುಗರು ಅತಿ ಕಡಿಮೆ ಇರುವ ವಾರಗಳನ್ನು ಆರಿಸಿ. ಅದೇ ಸಮಯಕ್ಕೆ ವಿನ್ಯಾಸ, ವೇದಿಕೆ, ಪುಟಗಳ ವಿಳಾಸದ ರಚನೆ ಇವನ್ನು ಮುಟ್ಟಲೇಬೇಡಿ. ಒಂದೇ ಸಲ ಎರಡು ಬದಲಿಸಿದರೆ ಯಾವುದು ಕೆಟ್ಟಿತು ಎಂದು ಗೊತ್ತಾಗುವುದಿಲ್ಲ.

## ಹಂತ 7: ಸ್ಥಳಾಂತರ, ಅನುಕ್ರಮ ತಪ್ಪದೆ

ಎರಡು ದಿನ ಮೊದಲು ಡಿಎನ್‌ಎಸ್‌ನ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ದಾಖಲೆ) ಟಿಟಿಎಲ್ ಅನ್ನು, ಅಂದರೆ ಆ ದಾಖಲೆಯನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ತಪ್ಪಾದರೆ ಐದೇ ನಿಮಿಷದಲ್ಲಿ ಹಿಂದಿರುಗಬಹುದು. ಕಡತ ಮತ್ತು ಡೇಟಾಬೇಸ್ ಎರಡರ ಬ್ಯಾಕಪ್ ತೆಗೆದು, ಅದು ತೆರೆಯುತ್ತದೆಯೇ ಎಂದೂ ನೋಡಿ. ಸೈಟ್‌ಮ್ಯಾಪ್‌ನಿಂದ ಎಲ್ಲ ಹಳೆಯ ವಿಳಾಸಗಳ ಪಟ್ಟಿ ಇಳಿಸಿಟ್ಟುಕೊಳ್ಳಿ. ಸರ್ಚ್ ಕನ್ಸೋಲ್‌ನಲ್ಲಿ ಹಳೆಯದು, ಹೊಸದು ಎರಡನ್ನೂ ಒಂದೇ ಖಾತೆಯಲ್ಲಿ, ಡಿಎನ್‌ಎಸ್ ದಾಖಲೆಯ ಮೂಲಕ ಖಾತರಿಪಡಿಸಿ. ತಾಣದೊಳಗೆ ಇಟ್ಟ ಕಡತದಿಂದ ಖಾತರಿಪಡಿಸಿದ್ದರೆ ರೀಡೈರೆಕ್ಟ್ ಶುರುವಾದ ಮೇಲೆ ಆ ಕಡತ ಸಿಗದೆ ಹಕ್ಕು ತಪ್ಪಿಹೋಗಬಹುದು.

ಎಚ್‌ಟಿಟಿಪಿಎಸ್ ಪ್ರಮಾಣಪತ್ರ ನಾಲ್ಕು ಹೆಸರುಗಳಿಗೂ ಬೇಕು: ಹಳೆಯದು ಮತ್ತು ಹೊಸದು, ಡಬ್ಲ್ಯುಡಬ್ಲ್ಯುಡಬ್ಲ್ಯು ಇದ್ದು ಮತ್ತು ಇಲ್ಲದೆ.

ವರ್ಡ್‌ಪ್ರೆಸ್ ಡೇಟಾಬೇಸಿನಲ್ಲಿ ಹಳೆಯ ಡೊಮೇನನ್ನು ಹೊಸದಕ್ಕೆ ಬದಲಿಸುವಾಗ ನೇರ ಎಸ್‌ಕ್ಯೂಎಲ್ ಆಜ್ಞೆ ಬಳಸಬೇಡಿ. ವಿಜೆಟ್, ಥೀಮ್ ಸೆಟ್ಟಿಂಗ್‌ಗಳು ಸೀರಿಯಲೈಸ್ ಆದ ರೂಪದಲ್ಲಿರುತ್ತವೆ. ಅದರಲ್ಲಿ ಪ್ರತಿ ಪಠ್ಯದ ಮುಂದೆ ಅದರ ಉದ್ದವೂ ಬರೆದಿರುತ್ತದೆ. ಹೊಸ ಹೆಸರಿನ ಉದ್ದ ಬೇರೆಯಾದಾಗ ಎರಡೂ ಹೊಂದದೆ ಇಡೀ ಸೆಟ್ಟಿಂಗ್ ಮಾಯವಾಗುತ್ತದೆ. ಡಬ್ಲ್ಯುಪಿ ಸಿಎಲ್‌ಐನ ಸರ್ಚ್ ರಿಪ್ಲೇಸ್ ಆಜ್ಞೆ ಅಥವಾ ಬೆಟರ್ ಸರ್ಚ್ ರಿಪ್ಲೇಸ್ ಪ್ಲಗಿನ್ ಆ ಉದ್ದವನ್ನೂ ತಿದ್ದುತ್ತದೆ. ಮೊದಲು ಡ್ರೈ ರನ್ ಮಾಡಿ ಎಷ್ಟು ಕಡೆ ಬದಲಾಗುತ್ತದೆ ನೋಡಿ. ಗೈಡ್ (guid) ಎಂಬ ಕಾಲಮ್ ಮಾತ್ರ ಬಿಡಿ. ಅದು ಫೀಡ್ ಓದುಗಗಳಿಗೆ ಬರಹದ ಗುರುತಿನ ಚೀಟಿ; ಬದಲಾದರೆ ಚಂದಾದಾರರಿಗೆ ಹಳೆಯ ಬರಹಗಳು ಹೊಸವೆಂಬಂತೆ ಮತ್ತೆ ಸುರಿಯುತ್ತವೆ.

ಹೊಸ ತಾಣವನ್ನು ಮೊದಲು ಪಾಸ್‌ವರ್ಡ್ ಹಿಂದಿಟ್ಟು ಪರೀಕ್ಷಿಸಿ. ನೋಇಂಡೆಕ್ಸ್ (ಹುಡುಕಾಟದಲ್ಲಿ ತೋರಿಸಬೇಡಿ ಎಂಬ ಸೂಚನೆ) ಹಾಕಿ ಪರೀಕ್ಷಿಸಿದರೆ ಅದನ್ನು ತೆಗೆಯಲು ಮರೆಯುವ ಸಂಭವ ಹೆಚ್ಚು. ಪಾಸ್‌ವರ್ಡ್ ಮರೆತರೆ ಮೊದಲ ಓದುಗನೇ ಹೇಳುತ್ತಾನೆ.

ಈಗ ರೀಡೈರೆಕ್ಟ್. ಪುಟದ ದಾರಿ ಮತ್ತು ಪ್ರಶ್ನೆಚಿಹ್ನೆಯ ನಂತರದ ಭಾಗ ಎರಡೂ ಉಳಿಯಬೇಕು. ಹಳೆಯ ಡೊಮೇನಿನ ಎಚ್‌ಟಿಟಿಪಿ ವಿಳಾಸ ನೇರವಾಗಿ ಹೊಸದರ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಒಂದೇ ಜಿಗಿತದಲ್ಲಿ ಹೋಗಬೇಕು. ಗೂಗಲ್‌ಬಾಟ್ ಹತ್ತು ಜಿಗಿತಗಳವರೆಗೆ ಹಿಂಬಾಲಿಸಿದರೂ ಪ್ರತಿ ಜಿಗಿತಕ್ಕೂ ಓದುಗ ಕಾಯುತ್ತಾನೆ. ಕರ್ಲ್ ಆಜ್ಞೆಯಿಂದ ಸರ್ವರ್ ಉತ್ತರದ ಹೆಡರ್‌ಗಳನ್ನಷ್ಟೇ ತರಿಸಿ ಹತ್ತು ವಿಳಾಸ ನೋಡಿ: ಮುಖಪುಟ, ಹೆಚ್ಚು ಓದುಗರ ಐದು ಬರಹಗಳು, ಒಂದು ವರ್ಗ ಪುಟ, ಒಂದು ಚಿತ್ರ, ಫೀಡ್, ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಒಂದು ವಿಳಾಸ. ಎಲ್ಲದರಲ್ಲೂ 301, ಮತ್ತು ಗುರಿ ಸರಿಯಾದ ಪುಟ.

ಆಮೇಲೆ ಹೊಸ ಸೈಟ್‌ಮ್ಯಾಪ್ ಸಲ್ಲಿಸಿ, ಹಳೆಯದನ್ನೂ ಕೆಲಕಾಲ ಉಳಿಸಿ. ಅದರಿಂದ ಗೂಗಲ್ ಹಳೆಯ ಪುಟಗಳಿಗೆ ಬಂದು 301 ಅನ್ನು ಬೇಗ ಕಾಣುತ್ತದೆ. ಇದೇ ಕಾರಣಕ್ಕೆ ಹಳೆಯ ಡೊಮೇನನ್ನು ರೋಬೋಟ್ಸ್ ಕಡತದಲ್ಲಿ (ಹುಡುಕಾಟ ಯಂತ್ರಗಳು ಎಲ್ಲಿಗೆ ಬರಬಾರದೆಂದು ಹೇಳುವ ಕಡತ) ತಡೆಯಬಾರದು. ನಂತರ ಸರ್ಚ್ ಕನ್ಸೋಲ್‌ನಲ್ಲಿ ಹಳೆಯ ತಾಣದ ಸೆಟ್ಟಿಂಗ್ಸ್‌ನಲ್ಲಿ ಚೇಂಜ್ ಆಫ್ ಅಡ್ರೆಸ್ ಒತ್ತಿ. ಆ ಸೂಚನೆ 180 ದಿನ ಜಾರಿಯಲ್ಲಿರುತ್ತದೆ. ಜಾಹೀರಾತು ಕಡತವಾದ ಆಡ್ಸ್ ಡಾಟ್ ಟಿಎಕ್ಸ್‌ಟಿ ಹೊಸ ಡೊಮೇನಿನ ಮೂಲದಲ್ಲಿ ಇದೆಯೇ ನೋಡಿ, ಪ್ರೊಫೈಲ್ ಕೊಂಡಿಗಳನ್ನು ತಿದ್ದಿ, ದೊಡ್ಡ ತಾಣಗಳ ಮಾಲೀಕರಿಗೆ ಪತ್ರ ಬರೆಯಿರಿ.

ಸುದ್ದಿಪತ್ರವನ್ನು ಅದೇ ದಿನ ಹೊಸ ವಿಳಾಸದಿಂದ ಕಳಿಸಬೇಡಿ. ಮೊದಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಮೇಲ್ ನಿಜಕ್ಕೂ ನಿಮ್ಮದೇ ಎಂದು ಸಾಬೀತುಪಡಿಸುವ ದಾಖಲೆಗಳನ್ನು ಹಾಕಿ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಸಗಟು ಕಳಿಸುವವರಿಗೆ ಇವನ್ನು ಕಡ್ಡಾಯ ಮಾಡಿವೆ. ಹಳೆಯ ವಿಳಾಸದಿಂದಲೇ ವಿಷಯ ತಿಳಿಸಿ, ಹೊಸದರಿಂದ ಮೊದಲು ಸದಾ ತೆರೆದು ಓದುವವರಿಗೆ, ಆಮೇಲೆ ಉಳಿದವರಿಗೆ ಕಳಿಸಿ. ಹೊಸ ಡೊಮೇನಿಗೆ ಮೇಲ್ ಲೋಕದಲ್ಲಿ ಯಾವ ಹೆಸರೂ ಇರುವುದಿಲ್ಲ, ಅದನ್ನು ನಿಧಾನವಾಗಿ ಗಳಿಸಬೇಕು.

## ಹಂತ 8: ಕೆಟ್ಟಾಗ ಎಲ್ಲಿ ನೋಡಬೇಕು

ಸಣ್ಣ, ಮಧ್ಯಮ ಬ್ಲಾಗುಗಳ ಹೆಚ್ಚಿನ ಪುಟಗಳು ಹೊಸ ವಿಳಾಸದಲ್ಲಿ ಕಾಣಿಸಲು ಕೆಲವು ವಾರ ಬೇಕು. ಅಷ್ಟರಲ್ಲಿ ಸ್ಥಾನ ಅಲುಗಾಡುತ್ತದೆ. ಹಳೆಯದರ ಪುಟಗಳ ಎಣಿಕೆ ಇಳಿಯುತ್ತ ಹೊಸದರದ್ದು ಏರುತ್ತಿದ್ದರೆ ಕೈಕಟ್ಟಿ ಕುಳಿತುಕೊಳ್ಳುವುದೇ ಕೆಲಸ. ಹಿಂದಕ್ಕೆ ಹೋಗುವ ಯೋಚನೆ ಮಾಡಬೇಡಿ. ಎರಡನೆಯ ಸ್ಥಳಾಂತರ ಮೊದಲನೆಯದಕ್ಕಿಂತ ಹೆಚ್ಚು ಕೆಡಿಸುತ್ತದೆ.

ಹೊಸ ಪುಟಗಳು ಏರದೆ ನಿಂತಿದ್ದರೆ ಪುಟದ ಮೂಲ ಸಂಕೇತದಲ್ಲಿ ಕೆನಾನಿಕಲ್ ಸಾಲು, ಅಂದರೆ ಈ ಬರಹದ ಅಸಲಿ ವಿಳಾಸ ಯಾವುದೆಂದು ಹೇಳುವ ಸಾಲು, ನೋಡಿ. ಅದು ಇನ್ನೂ ಹಳೆಯ ಡೊಮೇನನ್ನೇ ತೋರಿಸುತ್ತಿದ್ದರೆ, ಹಳೆಯದು ಹೊಸದಕ್ಕೆ ಕಳಿಸುತ್ತಿದೆ, ಹೊಸದು ಹಳೆಯದೇ ಮೂಲ ಎನ್ನುತ್ತಿದೆ. ಗೂಗಲ್ ಯಾರ ಮಾತು ನಂಬಬೇಕು? ಮುಖಪುಟ ಮಾತ್ರ ಬಂದು ಬರಹಗಳು ಬಾರದಿದ್ದರೆ ರೀಡೈರೆಕ್ಟ್‌ನಲ್ಲಿ ಪುಟದ ದಾರಿ ಉದುರಿದೆ. ಎಲ್ಲವೂ ಮುಖಪುಟಕ್ಕೆ ಹೋದರೆ ಗೂಗಲ್ ಅವನ್ನು ಇಲ್ಲದ ಪುಟಗಳೆಂದೇ ಎಣಿಸುತ್ತದೆ.

ಪುಟ ಸುತ್ತುತ್ತಲೇ ಇದೆ ಎಂಬ ದೂರು ಬಂದರೆ ವರ್ಡ್‌ಪ್ರೆಸ್ ಸೆಟ್ಟಿಂಗ್‌ನಲ್ಲಿ ತಾಣದ ವಿಳಾಸ ಹಳೆಯದೇ ಉಳಿದಿರುತ್ತದೆ. ಎರಡು ಮೂರು ತಿಂಗಳು ಎಲ್ಲ ಸರಿಯಿದ್ದು, ಒಮ್ಮೆಲೇ ಹಳೆಯ ಕೊಂಡಿ ಒತ್ತಿದವರಿಗೆ ಭದ್ರತಾ ಎಚ್ಚರಿಕೆ ಕಾಣಿಸಿದರೆ ಹಳೆಯ ಡೊಮೇನಿನ ಪ್ರಮಾಣಪತ್ರ ಮುಗಿದಿದೆ. ಬ್ರೌಸರ್ ಮೊದಲು ಪ್ರಮಾಣಪತ್ರ ನೋಡುತ್ತದೆ, ಆಮೇಲೆ ರೀಡೈರೆಕ್ಟ್ ಓದುತ್ತದೆ. ಹಾಗಾಗಿ ನಿಯಮ ಸರಿಯಿದ್ದರೂ ಓದುಗ ಅಲ್ಲಿಗೆ ತಲುಪುವುದೇ ಇಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಪ್ರಮಾಣಪತ್ರ ಬಳಸುವವರಿಗೆ ಹೀಗಾಗುವುದಕ್ಕೆ ಒಂದು ಸೂಕ್ಷ್ಮ ಕಾರಣವಿದೆ: ನವೀಕರಣದ ಪರೀಕ್ಷಾ ಕೋರಿಕೆಯೂ ನಿಮ್ಮ 301ರ ಬಲೆಗೆ ಬಿದ್ದು ಹೊಸ ಸರ್ವರ್‌ಗೆ ಹೋಗುತ್ತದೆ, ಅಲ್ಲಿ ಆ ಕಡತ ಇರುವುದಿಲ್ಲ. ವೆಲ್ ನೋನ್ ಎಂದು ಶುರುವಾಗುವ ಆ ಕೋಶವನ್ನು ರೀಡೈರೆಕ್ಟ್ ನಿಯಮದಿಂದ ಹೊರಗಿಡಿ.

## ಹಂತ 9: ಹಳೆಯ ಡೊಮೇನಿನ ಉಸ್ತುವಾರಿ

ರೀಡೈರೆಕ್ಟ್ ಅನ್ನು ಕನಿಷ್ಠ ಒಂದು ವರ್ಷ ಉಳಿಸಿ ಎಂದು ಗೂಗಲ್ ಹೇಳುತ್ತದೆ. ಅದು ಹುಡುಕಾಟದ ಮಟ್ಟಿಗಿನ ಲೆಕ್ಕ. ಬೇರೆ ತಾಣಗಳಲ್ಲಿನ ಕೊಂಡಿಗಳು, ಜನರ ಬುಕ್‌ಮಾರ್ಕ್‌ಗಳು, ಮುದ್ರಿತ ಪುಟಗಳು ಒಂದು ವರ್ಷಕ್ಕೆ ಬದಲಾಗುವುದಿಲ್ಲ.

ಆಟೋ ರಿನ್ಯೂವಲ್ ಹಾಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ. ರಿಜಿಸ್ಟ್ರಾರ್ ಖಾತೆಯ ಸಂಪರ್ಕ ಮೇಲ್ ಅದೇ ಹಳೆಯ ಡೊಮೇನಿನದ್ದಾಗಿರಬಾರದು. ಡೊಮೇನ್ ನಿಂತುಹೋದರೆ ನವೀಕರಿಸಿ ಎಂಬ ಪತ್ರವೂ ನಿಮಗೆ ತಲುಪುವುದಿಲ್ಲ. ಡಾಟ್ ಕಾಂನಂಥ ಡೊಮೇನ್ ಅವಧಿ ಮೀರಿದರೆ ರಿಜಿಸ್ಟ್ರಾರ್‌ಗೆ ಅನುಗುಣವಾಗಿ 45 ದಿನಗಳವರೆಗೆ ಸಾಮಾನ್ಯ ದರದಲ್ಲಿ ಉಳಿಸಿಕೊಳ್ಳಬಹುದು. ಅದು ಮುಗಿದು ಹೆಸರು ಅಳಿಸಲ್ಪಟ್ಟರೆ ಇನ್ನೂ 30 ದಿನ ದುಬಾರಿ ದಂಡ ಕಟ್ಟಿ ಮರಳಿ ಪಡೆಯಬಹುದು. ಆಮೇಲಿನ 5 ದಿನ ಯಾರೂ ಏನೂ ಮಾಡುವಂತಿಲ್ಲ. ಆರನೆಯ ದಿನ ಅದು ಯಾರದ್ದೂ ಆಗಬಹುದು.

ನಿಜಕ್ಕೂ ಬಿಟ್ಟುಬಿಡಲೇಬೇಕಾದರೆ, ಬಿಡುವ ಒಂದು ವರ್ಷ ಮೊದಲು ಆ ಡೊಮೇನಿನ ಎಲ್ಲ ಮೇಲ್ ವಿಳಾಸಗಳಿಗೆ ಬರುವ ಪತ್ರಗಳನ್ನು ಒಂದೇ ಪೆಟ್ಟಿಗೆಗೆ ಬೀಳುವಂತೆ ಮಾಡಿ. ಆ ಪೆಟ್ಟಿಗೆಗೆ ಪತ್ರ ಬಂದ ಪ್ರತಿ ಖಾತೆಗೂ ಹೋಗಿ ಮೇಲ್ ವಿಳಾಸ ಬದಲಿಸಿ. ಹನ್ನೆರಡು ತಿಂಗಳು ಕಾಯಬೇಕಾದ ಕಾರಣ ಸರಳ: ಕೆಲವು ಸೇವೆಗಳು ವರ್ಷಕ್ಕೆ ಒಂದೇ ಒಂದು ಪತ್ರ ಕಳಿಸುತ್ತವೆ.